ಮುಚ್ಚಿದ ಹೋಟೆಲಿನ ನಲವತ್ತೆಂಟು ಹಾಸಿಗೆ

ಯಾರಾದರೂ ಇಂಥ ಸಂಗತಿ ಹೇಳಲು ಶುರುಮಾಡಿದರೆ ಮೊದಲು ಎದ್ದು ಹೋಗುತ್ತಿದ್ದವನು ನಾನೇ. ದೆವ್ವ, ಗಾಳಿ, ಸತ್ತವರ ಕೂಗು, ಕನಸಿನಲ್ಲಿ ಬಂದ ಸೂಚನೆ, ಯಾವುದಕ್ಕೂ ನನ್ನ ಹತ್ತಿರ ಜಾಗವಿರಲಿಲ್ಲ. ಅದಕ್ಕೆ ನನ್ನ ಉದ್ಯೋಗವೂ ಒಂದು ಕಾರಣ. ದೊಡ್ಡ ಹೋಟೆಲೊಂದರಲ್ಲಿ ಹದಿನಾಲ್ಕು ವರ್ಷ ದುಡಿದವನಿಗೆ ಇಂಥ ಕಥೆಗಳ ಬುಡ ಎಲ್ಲಿರುತ್ತದೆಂದು ಗೊತ್ತಾಗಿಬಿಡುತ್ತದೆ. ನಮ್ಮಲ್ಲಿ ಎರಡನೇ ಮಹಡಿಯ ಏಳನೇ ಕೋಣೆಯ ಗೋಡೆಯನ್ನು ರಾತ್ರಿ ಯಾರೋ ತಟ್ಟುತ್ತಾರೆಂದು ಗಿರಾಕಿಗಳು ದೂರುತ್ತಿದ್ದರು. ಕೆಲಸದವರು ಅಲ್ಲಿಗೆ ಒಬ್ಬೊಬ್ಬರೇ ಹೋಗುವುದನ್ನು ಬಿಟ್ಟಿದ್ದರು. ನಾನು ಪ್ಲಂಬರನನ್ನು ಕರೆಸಿ ಗೋಡೆ ಒಡೆಸಿದೆ. ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡು ಬಡಿಯುತ್ತಿತ್ತು. ಒಂದು ಸಣ್ಣ ವಾಲ್ವ್ ಕೂರಿಸಿದ ಮೇಲೆ ದೆವ್ವ ಹೋಯಿತು. ಆ ಕಥೆಯನ್ನು ಎಷ್ಟೋ ವರ್ಷ ಎಲ್ಲರ ಮುಂದೆ ಹೇಳಿ ನಗಿಸಿದ್ದೇನೆ.

ಈಗ ನಾನೇ ಒಂದು ಸಂಗತಿ ಹೇಳಬೇಕಾಗಿದೆ. ಇದರ ವಾಲ್ವ್ ಎಲ್ಲಿದೆ ಎಂದು ಮೂರು ವರ್ಷದಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಹುಮನಾಬಾದಿನಿಂದ ಬಸವಕಲ್ಯಾಣದ ಕಡೆ ಹೊರಟರೆ, ಊರು ದಾಟಿ ಹೆದ್ದಾರಿಗೆ ಬಿದ್ದ ಸ್ವಲ್ಪ ಹೊತ್ತಿಗೆ ದೊಡ್ಡ ಅಂಗಳದ ಹಿಂದೆ ಒಂದು ಎತ್ತರದ ಕಟ್ಟಡ ಕಾಣುತ್ತದೆ. ಬೋರ್ಡಿನ ಅಕ್ಷರಗಳು ಅರ್ಧ ಉದುರಿವೆ. ಅದರ ಹೆಸರು ಇಲ್ಲಿ ಬೇಡ. ಸುತ್ತಲಿನ ಜನ ಹೆಸರು ಹಿಡಿದು ಕರೆದದ್ದೂ ಕಡಿಮೆ, 'ದೊಡ್ಡ ಹೋಟೆಲ್' ಅಂದರೆ ಸಾಕಿತ್ತು. ಕೆಳಗೆ ಊಟದ ಹಾಲು, ಮದುವೆ ಹಾಲು. ಮೇಲೆ ಮೂರು ಮಹಡಿ, ಮಹಡಿಗೆ ಹದಿನಾರರಂತೆ ನಲವತ್ತೆಂಟು ಕೋಣೆ. ನಾನು ಅಲ್ಲಿಗೆ ಕೋಣೆಗಳ ಉಸ್ತುವಾರಿ ನೋಡಲು ಸೇರಿದವನು, ಕೊನೆಗೆ ಮ್ಯಾನೇಜರ್ ಆಗಿದ್ದೆ.

ಒಂದು ಕಾಲಕ್ಕೆ ಅಲ್ಲಿ ಕೋಣೆ ಸಿಗದೆ ಜನ ಅಂಗಳದಲ್ಲಿ ಕಾರಿನೊಳಗೇ ಮಲಗಿದ್ದನ್ನು ನೋಡಿದ್ದೇನೆ. ಹೈದರಾಬಾದಿಗೂ ಸೋಲಾಪುರಕ್ಕೂ ನಡುವೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ನಿಶ್ಚಿಂತೆಯಿಂದ ಇಳಿಯಬಹುದಾದ ಜಾಗ ಅದೇ ಎಂದು ಹೆಸರಾಗಿತ್ತು. ಕಲ್ಯಾಣದ ಕೋಟೆ, ಶರಣರ ಗವಿಗಳನ್ನು ನೋಡಲು ಬಂದವರು ನಮ್ಮಲ್ಲಿ ಉಳಿಯುತ್ತಿದ್ದರು. ಹಳ್ಳಿಖೇಡದ ಕಡೆ ಕಬ್ಬು ಅರೆಯುವ ಹಂಗಾಮು ಶುರುವಾದರೆ ಮಷೀನು ನೋಡುವ ಇಂಜಿನಿಯರುಗಳು ತಿಂಗಳುಗಟ್ಟಲೆ ಕೋಣೆ ಹಿಡಿಯುತ್ತಿದ್ದರು. ಮನ್ನಾಏಖೇಳ್ಳಿಯ ವ್ಯಾಪಾರಸ್ಥರ ಮನೆಯ ಮದುವೆಯೆಂದರೆ ಮೂರು ಮಹಡಿಯೂ ಅವರದೇ.

ಆಮೇಲೆ ರಸ್ತೆ ಅಗಲವಾಯಿತು. ಅಗಲವಾದದ್ದಷ್ಟೇ ಅಲ್ಲ, ನಮ್ಮ ಮುಂದೆ ಆಳೆತ್ತರ ಮೇಲೆದ್ದಿತು. ನಡುವೆ ಗೋಡೆ, ಅಂಚಿಗೆ ಕಬ್ಬಿಣದ ತಡೆ. ಕಣ್ಣೆದುರಿಗೆ ಕಾಣುವ ಹೋಟೆಲಿಗೆ ಬರಬೇಕಾದರೆ ಎಷ್ಟೋ ಮುಂದೆ ಹೋಗಿ ಇಳಿದು, ಸುತ್ತು ಹಾಕಿ, ಹೊಲದ ಪಕ್ಕದ ಮಣ್ಣು ದಾರಿಯಲ್ಲಿ ತಿರುಗಿ ಬರಬೇಕು. ಹಸಿದವರು ಯಾರು ಅಷ್ಟು ಮಾಡುತ್ತಾರೆ? ಹೈದರಾಬಾದಿನಲ್ಲಿ ಚಹಾ ಕುಡಿದು ಹೊರಟವರು ಮಧ್ಯಾಹ್ನದ ಊಟದ ಹೊತ್ತಿಗೆ ಸೋಲಾಪುರದಲ್ಲಿ ಇರತೊಡಗಿದರು. ಅವರಿಗೆ ನಡುವೆ ಮಲಗುವ ಕೆಲಸವೇ ಉಳಿಯಲಿಲ್ಲ. ಊರೊಳಗೆ ಮೊಬೈಲಿನಲ್ಲೇ ಕೋಣೆ ಹಿಡಿಯುವಂಥ ಸಣ್ಣ ಲಾಡ್ಜುಗಳು ಬಂದವು, ಮದುವೆಗೆ ಬೇರೆ ಹಾಲುಗಳು ಬಂದವು. ಮೇಲೆ ಕೊರೊನಾ ಬಂತು.

ಇಷ್ಟು ದೊಡ್ಡ ಹೋಟೆಲು ಒಂದೇ ದಿನಕ್ಕೆ ಮುಚ್ಚುವುದಿಲ್ಲ. ಮೊದಲು ಕರೆಂಟು ಉಳಿಸಲು ಮೂರನೇ ಮಹಡಿಗೆ ಬೀಗ ಹಾಕುತ್ತಾರೆ. ತೋಟದ ಮಾಲಿ ಹೋಗುತ್ತಾನೆ, ಹುಲ್ಲು ಒಣಗುತ್ತದೆ. ಊಟದ ಪಟ್ಟಿಯಲ್ಲಿ ಬರೆದದ್ದು ಕೇಳಿದರೆ 'ಇವತ್ತು ಇಲ್ಲ' ಎಂಬ ಉತ್ತರ ಹೆಚ್ಚಾಗುತ್ತದೆ. ಕೆಲಸದವರು ತಮ್ಮತಮ್ಮಲ್ಲೇ ಮೆಲ್ಲಗೆ ಮಾತಾಡುತ್ತಾರೆ, ಆಸ್ಪತ್ರೆಯಲ್ಲಿ ಮಾತಾಡಿದ ಹಾಗೆ. ಕೊನೆಗೊಂದು ದಿನ ಮಾಲೀಕರು ಕರೆದು, ನಾಳೆಯಿಂದ ಬೇಡ ಎನ್ನುತ್ತಾರೆ. ಆ ದಾರಿಯುದ್ದಕ್ಕೆ ಹೀಗೆ ಬೀಗ ಬಿದ್ದ ಕಟ್ಟಡ ನಮ್ಮದೊಂದೇ ಅಲ್ಲ.

ತುಳಜಮ್ಮನ ವಿಷಯ ಹೇಳಬೇಕು. ಅವರು ಕೊಡಂಬಲದವರು. ಹೋಟೆಲು ತೆರೆದ ವರ್ಷದಿಂದ ಕೋಣೆಗಳನ್ನು ಸ್ವಚ್ಛ ಮಾಡಿ ಹಾಸಿಗೆ ಹಾಸುವ ಕೆಲಸ ಅವರದು. ನಾನು ಸೇರಿದಾಗಲೇ ಅವರಿಗೆ ನಲವತ್ತೈದು ದಾಟಿತ್ತು. ಊರಿನಿಂದ ಮೊದಲ ಬಸ್ಸು ಹಿಡಿದು ಬರುತ್ತಿದ್ದರು. ಹೊಲವಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಮಗನನ್ನು ಬೆಳೆಸಿದ್ದು, ಮನೆಯ ಮೇಲೆ ತಗಡಿನ ಪತ್ರಾಸ್ ಹೊದಿಸಿದ್ದು, ಮಗನ ಮದುವೆ ಮಾಡಿದ್ದು ಎಲ್ಲ ಇದೇ ಕೆಲಸದಿಂದ. ಮಾತು ಕಡಿಮೆ. ಕೋಣೆಯೊಳಗೆ ಹೋದರೆ ಬಾಗಿಲು ಅರ್ಧ ಮುಂದೆ ಮಾಡಿಕೊಂಡು ಒಬ್ಬರೇ ಕೆಲಸ ಮಾಡುವರು.

ಅವರದೊಂದು ಅಭ್ಯಾಸ ನನಗೆ ತಲೆನೋವಾಗಿತ್ತು. ಹೊದಿಕೆಯನ್ನು ನಾಲ್ಕೂ ಕಡೆ ನೇರವಾಗಿ ಸಿಕ್ಕಿಸಬೇಕೆಂಬುದು ನಮ್ಮ ನಿಯಮ. ತುಳಜಮ್ಮ ಮಾತ್ರ ತಲೆಯ ಕಡೆ ಒಂದು ಮೂಲೆಯನ್ನು, ರೊಟ್ಟಿಯ ತುದಿ ಮಡಚಿದ ಹಾಗೆ, ಮೂರು ಬೆರಳಗಲ ಮಡಚಿ ಬಿಡುತ್ತಿದ್ದರು. ಎಷ್ಟು ಸಲ ಹೇಳಿದರೂ ಹೂಂ ಅನ್ನುವರು, ಮರುದಿನ ಮತ್ತೆ ಅದೇ. ಒಂದು ಸಲ ನಾನು ಸಿಟ್ಟಿನಿಂದ ಕೇಳಿದ್ದಕ್ಕೆ ಅವರು, "ದಣದ ಬಂದವ್ರಿಗಿ ಎಲ್ಲಿಂದ ಒಳಗ ಹೋಗಬೇಕಂತ ತಿಳೀಬೇಕಲ್ರಿ ಸಾಹೇಬ್ರ" ಅಂದಿದ್ದರು. ನಾನು ಆ ದಿನ ಅವರ ಅರ್ಧ ದಿನದ ಪಗಾರ ಹಿಡಿದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಹಿಡಿದದ್ದು ನಿಜ.

ಹೋಟೆಲು ಮುಚ್ಚಿದ ಮರುದಿನ ಬೆಳಿಗ್ಗೆ ತುಳಜಮ್ಮ ಎಂದಿನಂತೆ ಬಂದು ಗೇಟಿನಲ್ಲಿ ನಿಂತರು. ಕೆಲಸ ಇಲ್ಲವೆಂದು ಹೇಳಿ ಕಳಿಸಿದೆ. ಅದರ ಮರುದಿನವೂ ಬಂದರು. ಪಗಾರ ಬೇಡ, ಕೋಣೆಗಳನ್ನು ಒಂದು ಸಲ ಝಾಡಿಸಿ ಹೋಗುತ್ತೇನೆ, ಧೂಳು ಕೂತರೆ ಚೆನ್ನಾಗಿರುವುದಿಲ್ಲ ಎಂದರು. ನಾಲ್ಕನೇ ದಿನ ನಾನು ಕಾವಲುಗಾರ ಮಾಣಿಕಪ್ಪನಿಗೆ, ಇನ್ನು ಅವರನ್ನು ಗೇಟಿನ ಹತ್ತಿರವೂ ನಿಲ್ಲಗೊಡಬೇಡ ಎಂದು ಹೇಳಿಬಿಟ್ಟೆ. ಅವರನ್ನು ನೋಡಿದರೆ ನನಗೇ ಸಹಿಸಲಾಗುತ್ತಿರಲಿಲ್ಲ, ಅದಕ್ಕೆ. ಆಮೇಲೆ ಅವರು ಬರಲಿಲ್ಲ. ನಾನು ಕಲ್ಯಾಣದಲ್ಲಿ ಒಂದು ಫಂಕ್ಷನ್ ಹಾಲಿನ ಕೆಲಸಕ್ಕೆ ಸೇರಿದೆ. ಹುಮನಾಬಾದಿನ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಡುವಾಗ ಆ ಕಟ್ಟಡ ಬಂದರೆ ಬೇರೆ ಕಡೆ ನೋಡುತ್ತಿದ್ದೆ.

ಹೀಗೆ ಒಂದೂವರೆ ವರ್ಷ ಕಳೆಯಿತು. ತೊಗರಿ ಕೊಯ್ಲಿನ ದಿನಗಳು. ಒಂದು ಸೋಮವಾರ ಮಾಲೀಕರು ಕಲಬುರಗಿಯಿಂದ ಫೋನು ಮಾಡಿದರು. ಅವರು ಇಬ್ಬರು ಅಣ್ಣತಮ್ಮಂದಿರು, ಇವರು ಹಿರಿಯರು. ಹೈದರಾಬಾದಿನಿಂದ ಒಬ್ಬ ದೊಡ್ಡ ಗಿರಾಕಿ ಗುರುವಾರ ಬೆಳಿಗ್ಗೆ ಹತ್ತಕ್ಕೆ ಹೋಟೆಲು ನೋಡಲು ಬರುತ್ತಿದ್ದಾರೆ, ಅವರಿಗೆ ಕಟ್ಟಡ ಕೆಡವುವ ಉದ್ದೇಶವಿಲ್ಲ, ಹೋಟೆಲನ್ನೇ ನಡೆಸುತ್ತಾರೆ, ಹಳೆಯ ಕೆಲಸದವರನ್ನೇ ತೆಗೆದುಕೊಳ್ಳುತ್ತಾರೆ. ಅವರ ಕಣ್ಣಿಗೆ ಚೆನ್ನಾಗಿ ಕಾಣುವ ಹಾಗೆ ಏನಾದರೂ ಮಾಡು ಎಂದರು. ನಾನು ರಜೆ ಹಾಕಿದೆ. ಇಪ್ಪತ್ತಾರು ಜನರ ಹೊಟ್ಟೆಯ ಪ್ರಶ್ನೆ, ಅವರೊಳಗೆ ನಾನೂ ಒಬ್ಬ.

ಬೀಗ ತೆಗೆದು ಒಳಗೆ ಹೋದೆ. ಕಾರಿಡಾರಿನಲ್ಲಿ ಪಾರಿವಾಳದ ಹಿಕ್ಕೆ, ಗೋಡೆಗೆ ತೇವ, ಎಲ್ಲದರ ಮೇಲೆ ಬೆರಳು ಮುಳುಗುವಷ್ಟು ಧೂಳು. ಕೋಣೆಗಳಲ್ಲಿ ಗಾದಿಗಳನ್ನು ಪ್ಲಾಸ್ಟಿಕ್ ಸುತ್ತಿ ಗೋಡೆಗೆ ನಿಲ್ಲಿಸಿದ್ದೆವು. ಚಾದರ, ದಿಂಬಿನ ಚೀಲ, ಹೊದಿಕೆ ಎಲ್ಲ ಒಗೆಸಿ, ನುಸಿಗುಳಿಗೆ ಹಾಕಿ, ಮೊದಲ ಮಹಡಿಯ ಬಟ್ಟೆ ಕೋಣೆಯ ಟ್ರಂಕುಗಳಲ್ಲಿ ಇಟ್ಟಿದ್ದೆವು. ಕರೆಂಟು ಎಂದೋ ಕಡಿದಿದ್ದರು. ಹಳೆಯ ಕೆಲಸದವರಲ್ಲಿ ಎರಡು ದಿನಕ್ಕೆ ಬರಲು ಸಿಕ್ಕವಳು ರೆಹಾನಾ ಒಬ್ಬಳೇ. ತುಳಜಮ್ಮನ ಕೈಕೆಳಗೆ ಕೆಲಸ ಕಲಿತವಳು, ಹುಮನಾಬಾದಿನಲ್ಲಿ ನನ್ನ ಮನೆಯ ಹಿಂದಿನ ಓಣಿಯವಳು. ಮೂರು ಕೂಲಿ ಹೆಂಗಸರನ್ನು ಹಿಡಿದು ಕೆಳಗಿನ ಹಾಲು, ಮೆಟ್ಟಿಲು, ಮೊದಲ ಮಹಡಿಯ ಕಾರಿಡಾರು ಗುಡಿಸಿ ತೊಳೆಸುವುದರಲ್ಲೇ ಎರಡೂ ದಿನ ಕಳೆದವು. ಬುಧವಾರ ಸಂಜೆ ಬೆಳಕು ಹೋಗುವ ಹೊತ್ತಿಗೆ ನಾನೂ ರೆಹಾನಾಳೂ ಸೇರಿ ಹಾಸಿ ಮುಗಿಸಿದ್ದು ಮೊದಲ ಮಹಡಿಯ ಆರು ಕೋಣೆ. ಬಂದವರಿಗೆ ಆ ಆರನ್ನೇ ತೋರಿಸಿ, ಮೇಲಿನದಕ್ಕೆ ಏನಾದರೂ ನೆಪ ಹೇಳುವುದೆಂದು ಗಟ್ಟಿ ಮಾಡಿಕೊಂಡೆ.

ಬಟ್ಟೆ ಕೋಣೆಗೆ ಬೀಗ ಹಾಕಿದೆ. ಮಹಡಿ ಮಹಡಿಗೂ ಇದ್ದ ಜಾಳಿಗೆ ಗೇಟುಗಳಿಗೆ ಹಾಕಿದೆ. ಮುಂದಿನ ಶಟರಿಗೆ ಎರಡು ಬೀಗ. ಹಿಂದಿನ ಬಾಗಿಲು ಒಳಗಿನಿಂದ ಅಡ್ಡಪಟ್ಟಿ ಹಾಕಿದ್ದು ಹಾಗೇ ಇತ್ತು. ಕೀಲಿಕೈ ಗೊಂಚಲು ಇದ್ದದ್ದು ಎರಡು, ಒಂದು ಕಲಬುರಗಿಯಲ್ಲಿ ಮಾಲೀಕರ ಹತ್ತಿರ, ಇನ್ನೊಂದು ನನ್ನ ಜೇಬಿನಲ್ಲಿ. ನಾನು ಮತ್ತು ರೆಹಾನಾ ಒಂದೇ ಆಟೋದಲ್ಲಿ ಊರಿಗೆ ಬಂದೆವು. ಮಾಣಿಕಪ್ಪ ಗೇಟಿನ ಗೂಡಿನಲ್ಲಿ ಉಳಿದ.

ಗುರುವಾರ ಬೆಳಿಗ್ಗೆ ಏಳಕ್ಕೆ ರೆಹಾನಾಳನ್ನು ಕರೆದುಕೊಂಡು ಹೋದೆ. ಶಟರಿನ ಬೀಗಗಳು ಹಾಕಿದಂತೆ ಇದ್ದವು. ಮೊದಲ ಮಹಡಿಯ ಜಾಳಿಗೆ ತೆಗೆದು ಕಾರಿಡಾರಿಗೆ ಕಾಲಿಟ್ಟಾಗ ಬೆಳಕು ಜಾಸ್ತಿಯಾಗಿದೆ ಅನ್ನಿಸಿತು. ಹಿಂದಿನ ಸಂಜೆ ಮುಚ್ಚಿದ್ದ ಕೋಣೆಯ ಬಾಗಿಲುಗಳೆಲ್ಲ ತೆರೆದಿದ್ದವು, ಎಲ್ಲ ಕೋಣೆಗಳಿಂದ ಬಿಸಿಲು ಕಾರಿಡಾರಿಗೆ ಬಿದ್ದಿತ್ತು. ನಾನು ಏಳನೇ ಕೋಣೆಗೆ ಇಣುಕಿದೆ. ನಾವು ಮುಟ್ಟದೇ ಬಿಟ್ಟಿದ್ದ ಕೋಣೆ ಅದು. ಗಾದಿ ಮಂಚದ ಮೇಲಿತ್ತು. ಬಿಳಿ ಚಾದರ ಒಂದು ಸುಕ್ಕಿಲ್ಲದೆ ಹಾಸಿತ್ತು. ದಿಂಬು, ಹೊದಿಕೆ, ಕಾಲ ಕಡೆ ಮಡಚಿಟ್ಟ ಟವಲು. ಕಿಟಕಿಯ ಗಾಜು ಒರೆಸಿತ್ತು, ನೆಲದಲ್ಲಿ ಧೂಳಿರಲಿಲ್ಲ. ಹೊದಿಕೆಯ ತಲೆಯ ಕಡೆಯ ಮೂಲೆ ಮೂರು ಬೆರಳಗಲ ಮಡಚಿತ್ತು.

ಎಂಟನೆಯದು ಹಾಗೇ. ಒಂಬತ್ತು, ಹತ್ತು, ಹದಿನಾರರವರೆಗೂ ಹಾಗೇ. ನಾನು ಓಡುತ್ತ ಎರಡನೇ ಮಹಡಿಗೆ ಹೋದೆ. ಜಾಳಿಗೆಯ ಬೀಗ ಹಾಕಿಯೇ ಇತ್ತು, ತೆಗೆಯುವ ಅವಸರದಲ್ಲಿ ಕೀಲಿಕೈ ಎರಡು ಸಲ ಕೆಳಗೆ ಬಿತ್ತು. ಹದಿನಾರೂ ಹಾಸಿತ್ತು. ಮೂರನೆಯ ಮಹಡಿ, ಹೋಟೆಲು ಮುಚ್ಚುವುದಕ್ಕೂ ಎರಡು ವರ್ಷ ಮೊದಲೇ ನಾವು ಬೀಗ ಹಾಕಿದ್ದ ಮಹಡಿ, ಅಲ್ಲೂ ಹದಿನಾರು. ಅಲ್ಲಿ ಪೂರ್ವದ ಕಿಟಕಿಗಳಿಂದ ಬಿಸಿಲು ನೇರವಾಗಿ ಹಾಸಿಗೆಗಳ ಮೇಲೆ ಬಿದ್ದಿತ್ತು. ಬಾಗಿಲಿನಿಂದ ಬಾಗಿಲಿಗೆ ಬಿಳುಪೇ ಬಿಳುಪು. ಹದಿನಾಲ್ಕು ವರ್ಷದಲ್ಲಿ ಆ ಹೋಟೆಲನ್ನು ಅಷ್ಟು ಚೆಂದವಾಗಿ ನಾನು ನೋಡಿರಲಿಲ್ಲ. ಒಂದೇ ಸಲಕ್ಕೆ ನಲವತ್ತೆಂಟೂ ಕೋಣೆ ಹಾಸಿ ತಯಾರಿದ್ದದ್ದನ್ನಂತೂ ಯಾವತ್ತೂ ನೋಡಿರಲಿಲ್ಲ, ಯಾವುದಾದರೂ ಕೋಣೆಯಲ್ಲಿ ಗಿರಾಕಿ ಇದ್ದೇ ಇರುತ್ತಿದ್ದ. ನನಗೆ ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ಗುಡಿಯೊಳಗೆ ಹೋದಾಗ ಆಗುವಂತೆ ಚಪ್ಪಲಿ ಬಿಡಬೇಕು ಅನ್ನಿಸಿತು. ಬಿಟ್ಟೆ ಕೂಡ.

ಹಿಂತಿರುಗಿ ಮೊದಲ ಮಹಡಿಗೆ ಬಂದಾಗ ರೆಹಾನಾ ಮೂರನೇ ಕೋಣೆಯ ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಅದು ನಿನ್ನೆ ನಾನೇ ನಿಯಮದ ಪ್ರಕಾರ ಹಾಸಿದ್ದ ಕೋಣೆ. ಅದರ ಮೂಲೆಯೂ ಈಗ ಮಡಚಿತ್ತು.

"ಇದು ತುಳಜಮ್ಮನ ಕೈ ಅದರಿ ಸಾಹೇಬ್ರ," ಅಂದಳು.

ಹಾಗಾದರೆ ತುಳಜಮ್ಮ ಹೇಗೋ ಸುದ್ದಿ ತಿಳಿದು, ನಾಲ್ಕಾರು ಜನರನ್ನು ಕಟ್ಟಿಕೊಂಡು ಬಂದಿರಬೇಕು ಎಂದೆ. ರೆಹಾನಾ ತಲೆಯಾಡಿಸಿದಳು. ದಸರಾಕ್ಕೆ ಸ್ವಲ್ಪ ಮುಂಚೆ ತುಳಜಮ್ಮನಿಗೆ ಲಕ್ವ ಹೊಡೆದಿತ್ತಂತೆ. ಬಲಗೈ ಬಲಗಾಲು ಎರಡೂ ಹೋಗಿ ಮಲಗಿದಲ್ಲೇ ಇದ್ದಾರಂತೆ. ಅವಳೂ ಅದನ್ನು ಯಾರಿಂದಲೋ ಕೇಳಿದ್ದು, ಹೋಗಿ ನೋಡಲು ಆಗಿರಲಿಲ್ಲ. ನನಗೆ ಆ ಸುದ್ದಿಯೇ ಗೊತ್ತಿರಲಿಲ್ಲ.

ಮಾಣಿಕಪ್ಪನನ್ನು ಕರೆದು ಕೇಳಿದೆ. ರಾತ್ರಿ ಯಾರೂ ಬಂದಿಲ್ಲ, ಒಂದು ಬೆಳಕೂ ಕಾಣಲಿಲ್ಲ, ಚಳಿಗೆ ನಿದ್ದೆಯೇ ಬರದೆ ಬೆಂಕಿ ಕಾಯಿಸಿಕೊಂಡು ಕೂತಿದ್ದೆ ಎಂದ. ನಾನು ನಂಬದೆ ಗದರಿಸಿದಾಗ ಅವನು ಮೇಲೆ ಹತ್ತಿ ಹೋಗಿ ನೋಡಿ ಬಂದ. ಇಳಿದು ಬಂದವನ ಮುಖ ನೋಡಿ ನಾನು ಮುಂದೆ ಕೇಳಲಿಲ್ಲ. ನಟನೆ ಮಾಡುವವನ ಮುಖ ಹಾಗಿರುವುದಿಲ್ಲ.

ಹತ್ತಕ್ಕೆ ಗಿರಾಕಿ ಬಂದರು. ಅರವತ್ತು ದಾಟಿದ, ಮೆಲುದನಿಯ ಮನುಷ್ಯ. ಜೊತೆಗೆ ನಮ್ಮ ಮಾಲೀಕರು. ನಾನು ಏನನ್ನೂ ಹೇಳದೆ ಕೋಣೆಗಳನ್ನು ತೋರಿಸುತ್ತ ಹೋದೆ. ಮಾಲೀಕರು ಒಂದೊಂದು ಬಾಗಿಲಲ್ಲೂ ನನ್ನ ಕಡೆ ನೋಡುತ್ತಿದ್ದರು, ಎರಡು ದಿನದಲ್ಲಿ ಇಷ್ಟೆಲ್ಲ ಹೇಗೆ ಮಾಡಿಸಿದೆ ಎಂಬಂತೆ. ಗಿರಾಕಿ ಮೂರನೇ ಮಹಡಿಯಲ್ಲಿ ಒಂದು ಹಾಸಿಗೆಯ ಮೇಲೆ ಅಂಗೈ ಇಟ್ಟು ನೋಡಿದರು. ಎಷ್ಟು ಜನ ಕೆಲಸಕ್ಕಿದ್ದಾರೆ ಎಂದು ಹಿಂದಿಯಲ್ಲಿ ಕೇಳಿದರು. ಇಬ್ಬರು ಎಂದೆ. ಸುಳ್ಳು ಹೇಳುತ್ತಿದ್ದೇನೆ ಅಂದುಕೊಂಡು ನಕ್ಕರು. ಆಮೇಲೆ ಕಿಟಕಿಯ ಬಳಿ ಹೋಗಿ ರಸ್ತೆ ನೋಡುತ್ತ ನಿಂತರು. ಬಹಳ ಹೊತ್ತು ನಿಂತರು. ಕೆಳಗೆ ಗಾಡಿಗಳು ಒಂದರ ಹಿಂದೊಂದು ಹೋಗುತ್ತಲೇ ಇದ್ದವು. ವಾರದೊಳಗೆ ತಿಳಿಸುತ್ತೇನೆ ಎಂದು ಹೇಳಿ ಹೊರಟರು.

ಅವರು ಹೋದ ಮೇಲೆ ಮಾಣಿಕಪ್ಪನ ಗಾಡಿ ತೆಗೆದುಕೊಂಡು ನೇರ ಕೊಡಂಬಲಕ್ಕೆ ಹೋದೆ. ದಾರಿಯುದ್ದಕ್ಕೂ ತುಳಜಮ್ಮ ಅಂಗಳದಲ್ಲಿ ಓಡಾಡಿಕೊಂಡಿರಲಿ, ನನ್ನನ್ನು ನೋಡಿ ಗಾಬರಿಯಾಗಲಿ ಎಂದೇ ಆಸೆಪಡುತ್ತಿದ್ದೆ. ಹಾಗಾದರೆ ಎಲ್ಲವೂ ಸರಿಹೋಗುತ್ತಿತ್ತು.

ಮನೆಯಲ್ಲಿ ಸೊಸೆ ಸುನೀತಾ ಇದ್ದಳು. ಮಗ ಕೂಲಿಗೆ ಹೋಗಿದ್ದ. ಪಡಸಾಲೆಯ ಮಂಚದ ಮೇಲೆ ತುಳಜಮ್ಮ ನಿದ್ದೆ ಹೋಗಿದ್ದರು. ಅರ್ಧವಾಗಿದ್ದರು. ಬಲಗೈ ಪಕ್ಕದಲ್ಲಿ ಬೇರೆ ಯಾರದೋ ಕೈ ಇಟ್ಟ ಹಾಗೆ ಬಿದ್ದಿತ್ತು. ನಾನು ಎಬ್ಬಿಸಬೇಡ ಎಂದೆ. ಸುನೀತಾ ಚಹಾ ಕೊಟ್ಟು, ಅತ್ತೆ ಇಷ್ಟು ಹೊತ್ತು ಮಲಗಿದ್ದು ಕಾಯಿಲೆ ಬಿದ್ದ ಮೇಲೆ ಇದೇ ಮೊದಲು ಎಂದಳು. ಯಾಕೆ, ರಾತ್ರಿ ನಿದ್ದೆ ಬರುವುದಿಲ್ಲವೇ ಎಂದು ಕೇಳಿದೆ.

"ದೀಪ ಹಚ್ಚೂ ಹೊತ್ತಾತಂದ್ರ ಆ ಎಡಗೈ ನಿಂದ್ರಂಗಿಲ್ರಿ," ಅಂದಳು ಅವಳು. "ಕೌದಿ ಸವರ್ತಾರ, ಮೂಲಿ ಮಡಚ್ತಾರ, ಖೋಲಿ ನಂಬರ್ ಅಂತಾರ. ದಿನಕ್ಕೊಂದ ಖೋಲಿ ಮಾಡ್ತೀನಂತ ನನಗ ಹೇಳ್ಯಾರ್ರಿ. ನಾವೂ ಹೋಗ್ಲಿ ಬಿಡಂತ ಸುಮ್ನಿದ್ವಿ. ನಿನ್ನಿ ಮಾತ್ರ ನಿಲ್ಲಸಲೇ ಇಲ್ರಿ. ಬೆಳಗಾಗೂತನಕ ಒಂದರ ಮ್ಯಾಲೊಂದು ನಂಬರ್ ಹೇಳಾಕತ್ತಿದ್ರು. ಮೈಯೆಲ್ಲ ಬೆವತಿತ್ತು. ಯಾಕತ್ತಿ ಅಂದ್ರ, ನಾಳಿಗಿ ಮಂದಿ ಬರಾಕತ್ತಾರ, ಇವತ್ತ ಮುಗಿಸಬೇಕಂದ್ರು."

ನಾನು ಚಹಾ ಕೆಳಗಿಟ್ಟೆ. ಗುರುವಾರ ಜನ ಬರುವ ವಿಷಯ ಅವರಿಗೆ ಯಾರು ಹೇಳಿದರು ಎಂದು ಸುನೀತಾಳನ್ನು ತಿರುಗಿಸಿ ತಿರುಗಿಸಿ ಕೇಳಿದೆ. ಹೋಟೆಲಿನಿಂದ ಯಾರಾದರೂ ಬಂದಿದ್ದರೇ? ಫೋನು? ಒಂದೂವರೆ ವರ್ಷದಿಂದ ಹೋಟೆಲಿನವರು ಎಂದು ಈ ಮನೆಗೆ ಬಂದವರು ನೀವೇ ಮೊದಲು ಎಂದಳು. ಅವಳು ಚುಚ್ಚಿ ಹೇಳಲಿಲ್ಲ, ಆದರೂ ನನಗೆ ಚುಚ್ಚಿತು.

ಸ್ವಲ್ಪ ಹೊತ್ತಿಗೆ ತುಳಜಮ್ಮ ಕಣ್ಣು ಬಿಟ್ಟರು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ನಾಲಿಗೆ ದಪ್ಪವಾಗಿತ್ತು, ಮಾತು ನಿಧಾನವಾಗಿ, ಮುರಿದು ಮುರಿದು ಬರುತ್ತಿತ್ತು. ಕಿವಿ ಹತ್ತಿರ ಒಯ್ದರೆ ತಿಳಿಯುತ್ತಿತ್ತು. ಅವರು ಹೇಳಿದ ಮೊದಲ ಮಾತು ಇದು:

"ಕಡೀ ಖೋಲಿ ಕಿಡಕಿ ಕೊಂಡಿ ಬೀಳಲಿಲ್ರಿ ಸಾಹೇಬ್ರ. ಒಂದ ಕೈಲೆ ಆಗಲಿಲ್ಲ."

ಪರವಾಗಿಲ್ಲ ಎಂದೆ. ಬಂದವರು ಎಲ್ಲ ಕೋಣೆ ನೋಡಿದರು, ಬಹಳ ಮೆಚ್ಚಿದರು ಎಂದೆ. ಅವರ ಮುಖದ ಎಡಗಡೆ ನಕ್ಕಿತು. ನಾನು ಅಲ್ಲಿಗೆ ಎದ್ದು ಬರಬಹುದಿತ್ತು. ಬರಲಾಗಲಿಲ್ಲ. ನಿಮ್ಮನ್ನು ಗೇಟಿನಲ್ಲಿ ನಿಲ್ಲಗೊಡಬೇಡ ಎಂದು ಮಾಣಿಕಪ್ಪನಿಗೆ ಹೇಳಿದವನು ನಾನೇ, ಅವನ ತಪ್ಪಿಲ್ಲ ಎಂದೆ.

"ಗೊತ್ತಿತ್ರಿ," ಅಂದರು. "ನಿಮಗೂ ನೋಡಾಕ ಆಗ್ತಿರಲಿಲ್ಲ."

ಎಡಗೈ ಎತ್ತಿ ನನ್ನ ಮುಂಗೈ ಮೇಲೆ ಇಟ್ಟರು. ಮತ್ತೆ ನಿದ್ದೆ ಹೋದರು.

ನಾನು ಸೀದಾ ಹೋಟೆಲಿಗೆ ವಾಪಸು ಬಂದು ಮೂರನೇ ಮಹಡಿ ಹತ್ತಿದೆ. ಹದಿನಾರನೇ ಕೋಣೆಯ ಕಿಟಕಿ ಮುಚ್ಚಿತ್ತು. ಹತ್ತಿರ ಹೋಗಿ ನೋಡಿದೆ. ಚಿಲಕದ ಕೊಂಡಿ ಮೇಲಕ್ಕೇ ನಿಂತಿತ್ತು, ಬಿದ್ದಿರಲಿಲ್ಲ. ಮಳೆಗೆ ಚೌಕಟ್ಟು ಉಬ್ಬಿ ಕಿಟಕಿ ಪೂರ್ತಿ ಕೂರುತ್ತಿರಲಿಲ್ಲ. ಒಂದು ಕೈಯಿಂದ ಒತ್ತಿ ಹಿಡಿದು ಇನ್ನೊಂದು ಕೈಯಿಂದ ಕೊಂಡಿ ಬೀಳಿಸಬೇಕಿತ್ತು. ನಾನು ಒಂದೇ ಕೈಯಲ್ಲಿ ಮಾಡಲು ನೋಡಿದೆ. ಎರಡು ಮೂರು ಸಲ ನೋಡಿದೆ. ಆಗಲಿಲ್ಲ. ಉಳಿದ ನಲವತ್ತೇಳು ಕೋಣೆಗಳ ಕಿಟಕಿಗಳನ್ನೂ ಆ ಸಂಜೆಯೇ ತಿರುಗಿ ನೋಡಿದೆ. ಎಲ್ಲದರ ಕೊಂಡಿಯೂ ಸರಿಯಾಗಿ ಬಿದ್ದಿತ್ತು. ಅಲ್ಲೇ ಕಾರಿಡಾರಿನಲ್ಲಿ ಗೋಡೆಗೊರಗಿ ಕೂತೆ. ಯಾರೂ ಇಲ್ಲದ ಕಡೆ ಅಳುವುದು ಸುಲಭ.

ನಾನು ಸುಮ್ಮನೆ ಕೂತವನಲ್ಲ. ಆಮೇಲೆ ಎಲ್ಲ ದಿಕ್ಕಿನಿಂದಲೂ ಯೋಚಿಸಿದ್ದೇನೆ. ಮಾಣಿಕಪ್ಪ ಸುಳ್ಳು ಹೇಳಿರಬಹುದು ಎಂದುಕೊಳ್ಳಿ. ಅವನ ಹತ್ತಿರ ಗೇಟಿನ ಕೀಲಿಕೈ ಬಿಟ್ಟರೆ ಬೇರೆ ಇರಲಿಲ್ಲ. ಬಟ್ಟೆ ಕೋಣೆಯ ಬೀಗ ಬೆಳಿಗ್ಗೆ ನಾನೇ ತೆಗೆದು ನೋಡಿದೆ, ಟ್ರಂಕುಗಳು ಮುಚ್ಚಿದ್ದವು, ಒಳಗೆ ಏನೂ ಇರಲಿಲ್ಲ. ರೆಹಾನಾ ಎಂದುಕೊಳ್ಳಿ. ಅವಳು ನನ್ನ ಜೊತೆ ಬಂದಳು, ನನ್ನ ಜೊತೆ ಹೋದಳು, ರಾತ್ರಿ ಮನೆಯಲ್ಲೇ ಇದ್ದದ್ದನ್ನು ಅವಳ ಓಣಿಯೇ ಹೇಳುತ್ತದೆ. ಕೆಲಸ ಗೊತ್ತಿದ್ದ ಹೆಣ್ಣುಮಗಳಿಗೆ ಅಂಥ ಧೂಳಿನ ಕೋಣೆ ಒಂದಕ್ಕೆ ಇಪ್ಪತ್ತು ನಿಮಿಷ ಬೇಕು, ಹಗಲು ಬೆಳಕಿನಲ್ಲಿ. ನಲವತ್ತೆರಡು ಕೋಣೆಗೆ ಹದಿನಾಲ್ಕು ತಾಸು. ಚಳಿಗಾಲದ ರಾತ್ರಿಯೂ ಅಷ್ಟು ಉದ್ದವಿಲ್ಲ. ಹತ್ತು ಜನ ಸೇರಿ ಮಾಡಿದರು ಎನ್ನುವುದಾದರೆ, ಹತ್ತು ಜನರ ಬಾಯಿ ಮೂರು ವರ್ಷ ಮುಚ್ಚಿಕೊಂಡಿರುವ ಊರನ್ನು ನಾನು ಈ ಸೀಮೆಯಲ್ಲಿ ಕಂಡಿಲ್ಲ. ಇಷ್ಟೆಲ್ಲ ಹೇಗಾದರೂ ವಿವರಿಸಿದರೂ ಆ ಕೊಂಡಿ ಉಳಿದುಬಿಡುತ್ತದೆ.

ವಾರದ ಮೇಲೆ ಹೈದರಾಬಾದಿನಿಂದ ಮಾಲೀಕರಿಗೆ ಫೋನು ಬಂತು. ಕೋಣೆಗಳಲ್ಲಿ ಯಾವ ಕೊರತೆಯೂ ಇಲ್ಲ, ಅಂಥ ಹಾಸಿಗೆಗಳನ್ನು ನನ್ನ ಹೋಟೆಲುಗಳಲ್ಲೂ ನೋಡಿಲ್ಲ, ಆದರೆ ನಾನು ಕಿಟಕಿಯಲ್ಲಿ ನಿಂತಿದ್ದಷ್ಟು ಹೊತ್ತು ಒಂದು ಗಾಡಿಯೂ ವೇಗ ಕಡಿಮೆ ಮಾಡಲಿಲ್ಲ ಎಂದರಂತೆ. ಅಲ್ಲಿಗೆ ಮುಗಿಯಿತು. ಆ ಮಾತನ್ನು ತುಳಜಮ್ಮನಿಗೆ ಹೇಳಲು ನನಗೆ ಧೈರ್ಯ ಬರಲಿಲ್ಲ. ಅವರೂ ಕೇಳಲಿಲ್ಲವಂತೆ. ಆ ಗುರುವಾರದಿಂದ ಅವರ ಎಡಗೈ ರಾತ್ರಿ ಒಮ್ಮೆಯೂ ಅಲುಗಲಿಲ್ಲ, ಚೆನ್ನಾಗಿ ನಿದ್ದೆ ಮಾಡುತ್ತಿದ್ದರು ಎಂದು ಸುನೀತಾ ಹೇಳಿದಳು. ಯುಗಾದಿಯ ಮುಂಚೆ ಒಂದು ಬೆಳಿಗ್ಗೆ ಹಾಗೇ ನಿದ್ದೆಯಲ್ಲೇ ಹೋದರು. ಮಣ್ಣಿಗೆ ನಾನು, ರೆಹಾನಾ, ಮಾಣಿಕಪ್ಪ ಮೂವರೂ ಹೋಗಿದ್ದೆವು.

ಚಾದರಗಳನ್ನು ತೆಗೆದು ಮತ್ತೆ ಟ್ರಂಕಿಗೆ ತುಂಬಲು ಮಾಲೀಕರು ಹೇಳಿದ್ದರು. ನಾನು ಮುಂದೆ ಹಾಕುತ್ತ ಬಂದಿದ್ದೆ. ತುಳಜಮ್ಮ ಹೋದ ಮೇಲೆ ಒಂದು ಭಾನುವಾರ ರೆಹಾನಾಳನ್ನು ಕರೆದುಕೊಂಡು ಹೋದೆ. ಬರೀ ಬಿಚ್ಚಿ, ಮಡಚಿ, ಕೆಳಗೆ ಒಯ್ದು ಇಡುವುದಕ್ಕೇ ನಮ್ಮಿಬ್ಬರಿಗೆ ಬೆಳಗಿನಿಂದ ಸಂಜೆಯವರೆಗೆ ಹಿಡಿಯಿತು. ಕೊನೆಗೆ ಮೂರನೇ ಮಹಡಿಯ ಹದಿನಾರನೆಯದು ಉಳಿಯಿತು. ನಾನು ಒಳಗೆ ಹೋಗಿ ಹೊದಿಕೆಗೆ ಕೈ ಹಾಕಿದಾಗ ರೆಹಾನಾ ಬಾಗಿಲಲ್ಲೇ ನಿಂತು, "ಇದೊಂದ ಇರ್ಲಿ ಬಿಡ್ರಿ ಸಾಹೇಬ್ರ. ಯಾರರ ಬಂದ್ರ?" ಅಂದಳು. ನಾನು ಕೈ ತೆಗೆದೆ. ಬಾಗಿಲು ಎಳೆದುಕೊಂಡು ಬೀಗ ಹಾಕಿ ಬಂದೆವು. ಆಮೇಲೆ ಆ ಬೀಗವನ್ನು ಯಾರೂ ತೆಗೆದಿಲ್ಲ.

ಹೋದ ತಿಂಗಳು ಮಾಲೀಕ ಅಣ್ಣತಮ್ಮಂದಿರ ನಡುವೆ ಆಸ್ತಿ ಪಾಲಿನ ಮಾತು ಎದ್ದು, ಆಫೀಸಿನಲ್ಲಿ ಉಳಿದಿದ್ದ ಕೆಲವು ಕಾಗದ ತರಲು ಮಾಲೀಕರು ನನಗೆ ಕೀಲಿಕೈ ಗೊಂಚಲು ಕೊಟ್ಟರು. ಮಧ್ಯಾಹ್ನದ ಹೊತ್ತು ಹೋದೆ. ಕಾಗದ ಸಿಕ್ಕವು. ಗೊಂಚಲು ಕೈಯಲ್ಲೇ ಇತ್ತು. ಮೆಟ್ಟಿಲು ಹತ್ತಿದೆ. ಮೊದಲ ಮಹಡಿ, ಎರಡನೆಯ ಮಹಡಿ, ಕಾಲಿಟ್ಟಲ್ಲೆಲ್ಲ ಧೂಳಿನಲ್ಲಿ ನನ್ನ ಹೆಜ್ಜೆ ಮೂಡುತ್ತಿತ್ತು. ಮೂರನೆಯದರ ಜಾಳಿಗೆಯವರೆಗೆ ಹೋಗಿ ಅದರ ಕೀಲಿಕೈಯನ್ನೂ ಆರಿಸಿ ಹಿಡಿದೆ. ಅಲ್ಲಿಂದ ಮುಂದೆ ಹೋಗಲಿಲ್ಲ, ಇಳಿದು ಬಂದೆ.

ಮೂರು ವರ್ಷದಲ್ಲಿ ಹಾಸಿಗೆಯ ಮೇಲೆ ಧೂಳು ಕೂತಿರುತ್ತದೆ, ಅದು ಸಹಜ. ಕೂತಿಲ್ಲದಿದ್ದರೆ ನಾನೇನು ಮಾಡಬೇಕು?